ಸ್ಟೇರಿಂಗಿಗೆ ಕಟ್ಟಿದ ಗಂಟು

ಗಾಡಿಯ ಗಾಲಿ ನೆಟ್ಟಗೆ ಮಾಡಿಕೊಟ್ಟೆ ಎಂಬ ಕಾರಣಕ್ಕೆ ಒಬ್ಬ ಹೆಣ್ಣುಮಗಳು ಕಬ್ಬಿನ ಟ್ರ್ಯಾಕ್ಟರಿನ ಕೆಳಗೆ ಹೋಗುವುದಿತ್ತು. ಸ್ವಲ್ಪದರಲ್ಲಿ ತಪ್ಪಿತು. ಇದನ್ನು ಹೇಳಿದರೆ ಇವತ್ತಿಗೂ ಯಾರೂ ನಂಬುವುದಿಲ್ಲ. ಗಾಲಿ ಸೊಟ್ಟಗಿದ್ದು ಅಪಘಾತವಾಯಿತು ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ; ನೆಟ್ಟಗಾಗಿದ್ದಕ್ಕೆ ಆಗುವುದಿತ್ತು ಎಂದರೆ ನನ್ನನ್ನೇ ಒಂದು ನಮೂನೆ ನೋಡುತ್ತಾರೆ.

ನಿಪ್ಪಾಣಿಯಲ್ಲಿ ಕೆಲಸ ಕಲಿತು, ಚಿಕ್ಕೋಡಿಯ ಒಂದು ಟೈರ್ ಅಂಗಡಿಯಲ್ಲಿ ಕೂದಲು ಹಣ್ಣಾಗುವ ತನಕ ಅಲೈನ್‌ಮೆಂಟ್ ಮಾಡಿದವನು ನಾನು. ಈಗ ಮೊಣಕಾಲು ಕೈಕೊಟ್ಟು ಮನೆ ಸೇರಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ಬಂದು, "ಶಂಕರ ಕಾಕಾ, ನಮಗೂ ಏನರ ಹೇಳ್ರಿ" ಎನ್ನುತ್ತಾರೆ. ನನ್ನ ಹೆಂಡತಿ ಒಳಗಿನಿಂದಲೇ, "ಏನ ಹೇಳತಾರ, ತಾವು ಎಲ್ಲೆಲ್ಲಿ ಅಂಜಿದ್ರು ಅನ್ನೂದ ಹೇಳತಾರ" ಎಂದು ನಗುತ್ತಾಳೆ. ಅವಳು ಹೇಳುವುದು ಖರೆ. ನನಗೆ ಬೆಚ್ಚಿಬೀಳುವ ರೋಗವಿದೆ. ಆದರೆ ಗಾಡಿಗಳ ಕೆಳಗೆ ಮಲಗಿ ನಾನು ಕಂಡದ್ದನ್ನು ನೀವು ಕಂಡಿದ್ದರೆ ನಿಮಗೂ ಅದೇ ರೋಗ ಬರುತ್ತಿತ್ತು.

ಕೆಲಸವೇನೋ ಹೇಳುವುದಕ್ಕೆ ಸಣ್ಣದು. ಗಾಡಿಯ ಮುಂದಿನ ಎರಡು ಗಾಲಿಗಳು ಒಂದೇ ದಿಕ್ಕಿಗೆ ಮುಖ ಮಾಡಿರಬೇಕು, ಒಳಗೋ ಹೊರಗೋ ವಾಲದೆ ನಿಂತಿರಬೇಕು. ಅದು ಚೂರು ತಪ್ಪಿದರೂ ಗಾಡಿ ಒಂದು ಬದಿಗೆ ಎಳೆಯುತ್ತದೆ, ಟೈರು ಒಂದೇ ಅಂಚಿನಲ್ಲಿ ಸವೆಯುತ್ತದೆ. ಅಥಣಿಯ ಚರ್ಮದ ಚಪ್ಪಲಿ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಿಮ್ಮಡಿಯ ಒಂದು ಬದಿ ಸವೆದಿದ್ದರೆ ಚಪ್ಪಲಿ ಹೊಲಿದವನನ್ನು ಬೈದು ಉಪಯೋಗವಿಲ್ಲ, ಹಾಕಿಕೊಂಡವನ ನಡಿಗೆ ನೋಡಬೇಕು.

ನಿಪ್ಪಾಣಿಯಲ್ಲಿ ನನಗೆ ಕಲಿಸಿದವರು ಬಾಪು ಮೇಸ್ತ್ರಿ. ಅವರದು ಕನ್ನಡ ಅರ್ಧ, ಮರಾಠಿ ಅರ್ಧ, ಬೈಗುಳ ಮಾತ್ರ ಎರಡರಲ್ಲೂ ಪೂರ್ತಿ. ಆಗ ಕಂಪ್ಯೂಟರ್ ಯಂತ್ರ ಎಲ್ಲಿತ್ತು? ಹಿಂದಿನ ಗಾಲಿಯಿಂದ ಮುಂದಿನ ಗಾಲಿಯ ತನಕ ನೈಲಾನ್ ದಾರ ಬಿಗಿದು, ದಾರಕ್ಕೂ ಗಾಲಿಗೂ ನಡುವಿನ ಸಂದು ನೋಡಿ, ಗಾಲಿ ಎಷ್ಟು ಒಳಗೆ ತಿರುಗಿದೆ, ಎಷ್ಟು ಹೊರಗೆ ತಿರುಗಿದೆ ಎಂದು ಹೇಳುತ್ತಿದ್ದರು. ಟೈರಿನ ಮೇಲೆ ಅಂಗೈ ಸವರಿದರೆ ಸಾಕು, ಗಾಡಿ ಯಾವ ಕಡೆಗೆ ಎಳೆಯುತ್ತಿದೆ ಎಂಬುದು ಅವರಿಗೆ ತಿಳಿಯುತ್ತಿತ್ತು. ನನಗೆ ಅದು ಬರಲು ವರ್ಷಗಳೇ ಹಿಡಿದವು. ಮೊದಮೊದಲು ಕೈಗೆ ಬರುತ್ತಿದ್ದದ್ದು ಬರೀ ಕರೀ ಮಸಿ.

ಒಂದು ದಿನ ರಾಯಬಾಗ ಕಡೆಯ ಜೀಪೊಂದು ಬಂತು. ಒಳಗೆ ಮದುವೆಗೆ ಹೊರಟ ಜನ, ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಉಂಡಿ. ಗಾಳಿ ಹಿಡಿಸಲೆಂದು ನಿಲ್ಲಿಸಿದ್ದರು ಅಷ್ಟೇ. ಹೊರಗಿನಿಂದ ನೋಡಿದರೆ ಟೈರು ಹೊಚ್ಚ ಹೊಸದು, ಗೆರೆಗಳು ಎದ್ದು ಕಾಣುತ್ತಿದ್ದವು. ಬಾಪು ಮೇಸ್ತ್ರಿ ನನ್ನ ಕುತ್ತಿಗೆ ಹಿಡಿದು ಬಗ್ಗಿಸಿ, "ಆತೂನ ಬಘ ರೇ" ಎಂದರು. ಒಳಗಿಂದ ನೋಡೋ ಎಂದು. ನೋಡಿದೆ. ಟೈರಿನ ಒಳ ಅಂಚಿನಲ್ಲಿ ರಬ್ಬರೇ ಇರಲಿಲ್ಲ. ತಂತಿ ಹೊರಬಿದ್ದು ಹಂದಿಯ ಕೂದಲಿನಂತೆ ನಿಂತಿತ್ತು. ಇನ್ನು ಘಟ್ಟ ಇಳಿದು ಹೋಗಬೇಕಾದ ಗಾಡಿ ಅದು.

ಮಾಲೀಕನಿಗೆ ತೋರಿಸಿದರೆ ಅವನು ಬಗ್ಗಿ ನೋಡಿ ನಿಧಾನಕ್ಕೆ ಎದ್ದು, "ಅದು ಒಳಗಿಂದೈತಲ್ರಿ. ಒಳಗ ಯಾರ ನೋಡತಾರ? ಹೊರಗ ನೋಡ್ರಿ, ಮದುಮಗನಂಗ ಐತಿ" ಎಂದ. ತಮಾಷೆಯಾಗಿ ಹೇಳಿದ ಮಾತಲ್ಲ ಅದು. ಅವನ ಮಟ್ಟಿಗೆ ಟೈರು ಅಂದರೆ ಹೊರಗಿನಿಂದ ಕಾಣುವುದು. ಬಾಪು ಮೇಸ್ತ್ರಿ ಜೀಪಿನ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡರು. ಮದುವೆಯ ಹೆಂಗಸರು ಟೈರು ಬದಲಾಗುವ ತನಕ ಅವರನ್ನು ಬೈಯುತ್ತಲೇ ಇದ್ದರು, ಹೋಗುವಾಗ ಮಾತ್ರ ಒಬ್ಬ ಮುದುಕಿ ಅವರ ಕೈಗೆ ಎರಡು ಉಂಡಿ ಇಟ್ಟಳು.

ಚಿಕ್ಕೋಡಿಗೆ ಬಂದ ಮೇಲೆ ಕಂಡದ್ದು ಬೇರೆ ನಮೂನೆ. ಕಬ್ಬಿನ ಹಂಗಾಮ ಶುರುವಾಯಿತೆಂದರೆ ಕಾಗವಾಡ, ಶಿರಗುಪ್ಪಿ ಕಡೆಯಿಂದ ಬರುವ ಸಣ್ಣ ಗಾಡಿಗಳಿಗೆ ಒಂದೇ ಬೇನೆ. ಮುಂದಿನ ಒಂದು ಗಾಲಿಯನ್ನು ಹಿಡಿದಿರುವ ಕಬ್ಬಿಣದ ತೋಳು, ನಾವು ಲೋವರ್ ಆರ್ಮ್ ಅನ್ನುತ್ತೇವೆ, ಅದು ಸೊಟ್ಟಗಾಗಿರುತ್ತಿತ್ತು. ತಗ್ಗಿಗೆ ಬಿದ್ದರೂ ಹಾಗಾಗುತ್ತದೆ, ಆದರೆ ಇಷ್ಟು ಗಾಡಿಗಳು ಒಂದೇ ರೀತಿ ತಗ್ಗಿಗೆ ಬೀಳುವುದು ಹೇಗೆ? ಒಬ್ಬ ಡ್ರೈವರನನ್ನು ಹಿಡಿದು ಕೇಳಿದೆ.

"ಹೊಲದಾಗ ಸಿಕ್ಕಿತ್ರಿ. ಟ್ರ್ಯಾಕ್ಟರ್‌ಗೆ ಸರಪಳಿ ಹಾಕಿ ಎಳಸಿದ್ವಿ" ಎಂದ.

"ಸರಪಳಿ ಎಲ್ಲಿ ಹಾಕಿದಿ?"

"ಹುಕ್ ಕೆಸರಾಗ ಹುಗದಿತ್ರಿ. ಕೈ ಹಾಕಿದ್ರ ಇದೊಂದು ಸಿಕ್ತು. ಎಲ್ಲಾರೂ ಇದಕ್ಕ ಹಾಕತಾರಲ್ರಿ."

ನಾನು ರೇಗಿದೆ. "ಅದು ಗಾಲಿ ಹಿಡದ ತೋಳಲೇ. ನಿಮ್ಮ ಎತ್ತು ಕೆಸರಾಗ ಸಿಕ್ಕರ ಕಾಲಿಗೆ ಹಗ್ಗಾ ಕಟ್ಟಿ ಎಳೀತೀರೇನು?"

ಅವನು ನನ್ನನ್ನು ಕನಿಕರದಿಂದ ನೋಡಿದ. "ಮತ್ತ ಎಲ್ಲಿಗೆ ಕಟ್ಟೂದ್ರಿ? ಕುತ್ತಿಗಿಗೇನು?"

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅದಾದ ಮೇಲೆ ಯಾವ ಗಾಡಿ ಬಂದರೂ ಮೊದಲು ಹೊಲದಲ್ಲಿ ಸಿಕ್ಕಿತ್ತೋ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ನೀವೂ ಮಾಡಿಕೊಳ್ಳಿ. ಜನ ಗಾಡಿಯ ಜ್ವರ ಹೇಳುತ್ತಾರೆ, ಮಳೆಯಲ್ಲಿ ನೆಂದದ್ದನ್ನು ಹೇಳುವುದಿಲ್ಲ.

ನಮ್ಮ ಅಂಗಡಿಯ ಮಾಲೀಕರು ಅಣ್ಣಾಸಾಹೇಬರು. ಒಳ್ಳೆಯ ಮನುಷ್ಯ, ಆದರೆ ಗಿರಾಕಿ ಹೇಳಿದ್ದೇ ವೇದ. ಅವರು ಕಂಪ್ಯೂಟರ್ ಯಂತ್ರ ತರಿಸಿದ ದಿನ ನನಗೆ, "ಶಂಕ್ರಾ, ಇನ್ನ ನಿನ್ನ ದಾರ ಮನೀಗೆ ಒಯ್ಯಿ. ಹಿತ್ತಲದಾಗ ಕಟ್ಟು, ಬಟ್ಟಿ ಒಣಗಸಾಕ ಆಗತೈತಿ" ಎಂದರು. ಯಂತ್ರ ನಿಜಕ್ಕೂ ಚೆಂದವಿತ್ತು. ನಾಲ್ಕೂ ಗಾಲಿಗೆ ತಟ್ಟೆಯಂಥದ್ದು ಸಿಕ್ಕಿಸಿದರೆ ಎದುರಿನ ಪರದೆಯಲ್ಲಿ ಲೆಕ್ಕ ಬರುತ್ತಿತ್ತು. ತಪ್ಪಿದ್ದರೆ ಕೆಂಪು, ಸರಿಯಿದ್ದರೆ ಹಸಿರು. ಗಿರಾಕಿಗಳು ಗಾಡಿ ಬಿಟ್ಟು ಪರದೆಯ ಮುಂದೆ ಕೂರುತ್ತಿದ್ದರು. ಹಸಿರು ಬಂದರೆ ಪೇಢೆ ಹಂಚುವುದೊಂದು ಬಾಕಿ.

ಒಂದು ಮಳೆಗಾಲ ಕಳೆದ ಮೇಲೆ ಗಾಡಿಗಳು ಮರಳಿ ಬರತೊಡಗಿದವು. ಪರದೆಯಲ್ಲಿ ಹಸಿರು ಬಂದು ಹೋದ ಗಾಡಿಗಳೇ ರಸ್ತೆಯಲ್ಲಿ ಎಡಕ್ಕೆ ಎಳೆಯುತ್ತಿದ್ದವು. ಅಣ್ಣಾಸಾಹೇಬರು ನನ್ನ ಮೇಲೆ ಹರಿಹಾಯ್ದರು. ನಾನು ಮನೆ ಕಟ್ಟುವ ಗೌಂಡಿಯ ಹತ್ತಿರ ನೀರಿನ ಕೊಳವೆ ಇಸಿದುಕೊಂಡು ಬಂದು, ಗಾಡಿ ನಿಲ್ಲಿಸುವ ಎರಡು ಪಟ್ಟಿಗಳ ಮಟ್ಟ ಹಿಡಿದೆ. ಒಂದು ಪಟ್ಟಿ ಬೆರಳು ದಪ್ಪ ಕೆಳಗಿತ್ತು. ನೆಲವೇ ವಾಲಿದರೆ ಯಂತ್ರ ಪಾಪ ಏನು ಮಾಡೀತು? ನೆಲದ ಫರಸಿ ಕಲ್ಲು ಎತ್ತಿಸಿದೆವು. ಕೆಳಗೆ ಮಣ್ಣು ಕುಸಿದು ಒಂದು ಕತ್ತಲ ಬಿಲ ಕಾಣಿಸಿತು. ಹಾಕಿದ ಕಲ್ಲು ಬಿದ್ದ ಸದ್ದು ತಡವಾಗಿ ಕೇಳಿತು.

ಅಣ್ಣಾಸಾಹೇಬರು ಇಣುಕಿ ನೋಡಿ, "ಹಾಂ. ನಮ್ಮಪ್ಪ ಇಲ್ಲೊಂದು ಬಾವಿ ಮುಚ್ಚಿಸಿದ್ದ ಅಂತಿದ್ರು. ಇದ ಇರಬೇಕು" ಎಂದರು, ಕಳೆದ ಚಮಚ ಸಿಕ್ಕಿತು ಅನ್ನುವ ಹಾಗೆ. ದಿನಾ ಆ ಬಾವಿಯ ಬಾಯಿಯ ಮೇಲೆ, ಗಾಡಿಯ ಅಡಿಯಲ್ಲಿ, ಅಂಗಾತ ಮಲಗಿ ಊಟದ ನಂತರ ಒಂದು ಜೊಂಪು ಕೂಡ ತೆಗೆಯುತ್ತಿದ್ದವನು ನಾನು.

ಈಗ ಆ ಹೆಣ್ಣುಮಗಳ, ಸುರೇಖಾಳ ವಿಷಯ.

ನಾನು ಕೆಲಸ ಬಿಡುವುದಕ್ಕೆ ಸ್ವಲ್ಪ ಮುಂಚಿನ ಮಾತು. ಬೆಳಿಗ್ಗೆ ಅಂಗಡಿಯ ಮುಂದೆ ನೀರು ಚಿಮುಕಿಸುತ್ತಿದ್ದಾಗ ಒಂದು ಪಿಕಪ್ ಬಂದು ನಿಂತಿತು. ಶಿರಗುಪ್ಪಿ ಹತ್ತಿರದ ಗಾಡಿ, ಹಿಂದೆ ಖಾಲಿ ಹಾಲಿನ ಕ್ಯಾನುಗಳು. ನಡೆಸುತ್ತಿದ್ದವಳು ಸುರೇಖಾ, ತಲೆಯ ಮೇಲೆ ಸೆರಗು ಹೊದ್ದ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಪಕ್ಕದಲ್ಲಿ ಅವಳ ಗಂಡ ಮಹಾದೇವ. ಬಾಗಿಲ ಕಡೆ ಅವನ ತಾಯಿ ಕಾಶವ್ವ, ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಹಾದೇವ ಇಳಿಯುವಾಗ ಕೋಲು ಊರಿದ.

ಅವನೇ ಎಲ್ಲ ಹೇಳಿದ. ದ್ರಾಕ್ಷಿ ಚಪ್ಪರದ ಮೇಲಿನಿಂದ ಬಿದ್ದು ಸೊಂಟ ಮುರಿದಿತ್ತು. ಓಡಾಡುವಂತಾಗಿದ್ದ, ಆದರೆ ಕಾಲು ಕ್ಲಚ್ ಒತ್ತುವಂತಿರಲಿಲ್ಲ. ತೋಟದ ಮನೆಗಳಿಂದ ಹಾಲು ಕೂಡಿಸಿ ಡೇರಿಗೆ ಹಾಕುವ ಕೆಲಸ ಅವರದು, ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಆದ್ದರಿಂದ ಹೆಂಡತಿಗೆ ತಾನೇ ಪಕ್ಕದಲ್ಲಿ ಕೂತು ಗಾಡಿ ಕಲಿಸಿದ್ದ. ಐದು ತಿಂಗಳಿಂದ ಅವಳೇ ಹೊಡೆಯುತ್ತಿದ್ದಳು, ಕಲಿಯುವವರ ಲೈಸೆನ್ಸಿನ ಮೇಲೆ. ಪಕ್ಕಾ ಲೈಸೆನ್ಸಿನ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿದ್ದಳು. ಅವತ್ತು ಮಧ್ಯಾಹ್ನ ಎರಡನೆಯ ಸಲ ಕರೆದಿದ್ದರು.

"ಈ ಸಲಾನೂ ಆಗಲಿಲ್ಲಂದ್ರ ಗಾಡಿ ಮಾರಿಬಿಡೂನು ಅಂದಾನ್ರಿ ನಮ್ಮಣ್ಣ" ಎಂದ ಮಹಾದೇವ. "ಹೆಣ್ಣಮಕ್ಕಳ ಕೈಯಾಗ ನಡಿಯೂದಲ್ಲ ಅಂತಾನ. ಟೈರ್ ನೋಡಿ ಸಾಹೇಬ್ರು ಹೊಳ್ಳಿ ಕಳಸಬಾರದಲ್ರಿ, ಅದಕ್ಕ ಬಂದ್ವಿ."

ಮುಂದಿನ ಎಡ ಟೈರಿನ ಒಳಗೆ ಕೈ ಹಾಕಿದೆ, ಹಾಗೇ ತೆಗೆದೆ. ತಂತಿ ಬೆರಳಿಗೆ ಚುಚ್ಚಿತು. ಇದರ ಮೇಲೆ ಈ ಮೂವರು ಅಷ್ಟು ದೂರದಿಂದ ಮಾತಾಡುತ್ತ ಬಂದಿದ್ದರು. ಕೆಳಗೆ ಬಗ್ಗಿದರೆ ಅದೇ ತೋಳು, ಅದೇ ಸೊಟ್ಟ. ಮಹಾದೇವ ಹಾಸಿಗೆ ಹಿಡಿದಿದ್ದಾಗ ಅವನ ಅಣ್ಣ ಗಾಡಿ ಒಯ್ದು ಕಬ್ಬಿನ ಹೊಲದಲ್ಲಿ ಸಿಕ್ಕಿಸಿದ್ದ, ಸರಪಳಿ ಹಾಕಿ ಎಳೆಸಿದ್ದ. ಸುರೇಖಾ ಸ್ಟೇರಿಂಗ್ ಹಿಡಿದದ್ದು ಅದಾದ ಮೇಲೆ. ಗಾಡಿ ಎಡಕ್ಕೆ ಎಳೆಯುವುದಿಲ್ಲವೇ ಎಂದು ಕೇಳಿದರೆ ಅವಳಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವಳು ಜನ್ಮದಲ್ಲಿ ಬೇರೆ ಗಾಡಿ ಹಿಡಿದವಳೇ ಅಲ್ಲ. "ಗಾಡಿ ಅಂದ್ರ ಹಿಂಗ ಇರತೈತಿ ಅಂತ ತಿಳಕೊಂಡೀನ್ರಿ ಕಾಕಾ. ಬಲಗೈ ಜಗ್ಗಿ ಹಿಡೀಬೇಕಾಗತೈತಿ" ಎಂದಳು.

ತೋಳು ಬದಲಿಸಿದೆ, ಟೈರು ಹಾಕಿದೆ, ಗಾಡಿಯನ್ನು ಯಂತ್ರದ ಪಟ್ಟಿಗೆ ಏರಿಸಿದೆ. ಅಲೈನ್‌ಮೆಂಟ್ ಮಾಡುವಾಗ ಮೊದಲು ಸ್ಟೇರಿಂಗನ್ನು ನೆಟ್ಟಗೆ ನಿಲ್ಲಿಸಿ ಅಲುಗದಂತೆ ಸಳಿ, ಎಂದರೆ ಕಬ್ಬಿಣದ ಕಡ್ಡಿ, ಕೊಟ್ಟು ಬಿಗಿಯುತ್ತೇವೆ, ಆಮೇಲೆ ಗಾಲಿಗಳನ್ನು ಅದಕ್ಕೆ ಹೊಂದಿಸುತ್ತೇವೆ. ಅವಳ ಸ್ಟೇರಿಂಗಿಗೆ ಕೆಂಪು ಹಳದಿ ದಾರ ಸುತ್ತಿ ಗಟ್ಟಿ ಗಂಟು ಹಾಕಿತ್ತು. ಕೈ ತಾಗಿ ತಾಗಿ ಗಂಟು ಕಪ್ಪಾಗಿ ಹೊಳೆಯುತ್ತಿತ್ತು. ನಮ್ಮ ಕಡೆ ಗಾಡಿಗೆ ದೇವರ ದಾರ ಕಟ್ಟದವರು ಯಾರು? ನಾನು ಅದನ್ನು ಮುಟ್ಟದೆ ಬದಿಗೆ ಸಳಿ ಕೊಟ್ಟೆ. ಕೆಲಸ ಮುಗಿದಾಗ ಸ್ಟೇರಿಂಗ್ ನೆಟ್ಟಗಿತ್ತು, ಆ ಗಂಟು ಮಾತ್ರ ಮೇಲಿನಿಂದ ಸರಿದು ಎಡಕ್ಕೆ ಕೂತಿತ್ತು. ಅದನ್ನು ನೋಡಿದೆ, ನೋಡಿ ಸುಮ್ಮನಾದೆ. ದಾರ ಎಲ್ಲಿದ್ದರೇನು?

ನಾನೇ ಒಂದು ಸುತ್ತು ಹೊಡೆದು ಬಂದೆ. ಎರಡೂ ಕೈ ಬಿಟ್ಟರೂ ಗಾಡಿ ಎಳೆದ ಗೆರೆಯಂತೆ ಹೋಯಿತು. ಇಂಥ ಹೊತ್ತಿನಲ್ಲಿ ಈ ಕೆಲಸದವನಿಗೆ ಆಗುವ ಸಂತೋಷವನ್ನು ಬೇರೆಯವರಿಗೆ ಹೇಳಿ ತಿಳಿಸಲಾಗುವುದಿಲ್ಲ. "ಹೋಗಿ ಬಾ ತಂಗಿ, ಒಂದ ಸಲ ಹೊಡದ ನೋಡು" ಎಂದು ಕೀಲಿ ಕೊಟ್ಟೆ. ಮಹಾದೇವ ಪಕ್ಕದಲ್ಲಿ ಕೂತ. ಕಾಶವ್ವ ಹಳೆಯ ಟೈರುಗಳ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಗಾಡಿ ರಸ್ತೆಗೆ ಇಳಿಯಿತು. ಸ್ವಲ್ಪ ದೂರ ಹೋಗಿ ಬಲಕ್ಕೆ ಸರಿಯಿತು. ತಿರುಗಿಸುತ್ತಾಳೇನೋ ಎಂದುಕೊಂಡೆ. ಇನ್ನೂ ಬಲಕ್ಕೆ ಸರಿಯಿತು. ಎದುರಿಗೆ ಎರಡು ಟ್ರೇಲಿ ತುಂಬ ಕಬ್ಬು ಹೇರಿಕೊಂಡು ಟ್ರ್ಯಾಕ್ಟರು ಬರುತ್ತಿತ್ತು. ಅದಕ್ಕೆ ನಿಲ್ಲುವುದಕ್ಕೂ ಬರುವುದಿಲ್ಲ, ಸರಿಯುವುದಕ್ಕೂ ಬರುವುದಿಲ್ಲ. ಹಾರ್ನ್ ಮಾತ್ರ ಬಡಿದುಕೊಂಡಿತು. ಮಹಾದೇವ ಕೋಲು ಬಿಸಾಕಿ ಸ್ಟೇರಿಂಗಿಗೆ ಬಿದ್ದು ಎಡಕ್ಕೆ ಎಳೆದಿರಬೇಕು, ಪಿಕಪ್ ಒಮ್ಮೆಲೇ ಈಚೆಗೆ ಹೊರಳಿ ರಸ್ತೆ ಬದಿಯ ಜಾಲಿ ಕಂಟಿಯಲ್ಲಿ ನಿಂತಿತು. ಟ್ರೇಲಿಯ ಕಬ್ಬಿನ ತುದಿಗಳು ಅದರ ಕನ್ನಡಿಯನ್ನು ಸವರಿಕೊಂಡು ಹೋದವು.

ಓಡಿದೆ. ಆ ಮೊಣಕಾಲಿನಲ್ಲಿ ಹೇಗೆ ಓಡಿದೆನೋ ಗೊತ್ತಿಲ್ಲ. ಏನು ಕಳಚಿತು, ಯಾವ ನಟ್ಟು ಬಿಗಿಯಲಿಲ್ಲ ಎಂಬುದೇ ತಲೆಯಲ್ಲಿತ್ತು. ಕೆಳಗೆ ಬಗ್ಗಿ ನೋಡಿದೆ. ಎಲ್ಲ ಇದ್ದಲ್ಲೇ ಇತ್ತು. ಸುರೇಖಾ ಸ್ಟೇರಿಂಗನ್ನು ಅಪ್ಪಿ ಹಿಡಿದು ಕೂತಿದ್ದಳು, ಮುಖದಲ್ಲಿ ರಕ್ತವಿಲ್ಲ.

"ಗಂಟು ನೆಟ್ಟಗ ಐತಲ್ರಿ ಕಾಕಾ" ಎಂದಳು. "ನೋಡ್ರಿ. ನಾ ಗಂಟು ನೆಟ್ಟಗ ಹಿಡದೀನಿ. ಗಾಡಿ ಯಾಕ ಹಂಗ ಹೋತ್ರಿ?"

ನನಗೆ ತಿಳಿಯಲಿಲ್ಲ. ಮಹಾದೇವ ತಲೆ ತಗ್ಗಿಸಿ ಹೇಳಿದ. ಗಾಡಿ ಹಿಡಿದ ಮೊದಲ ದಿನಗಳಲ್ಲಿ ಸುರೇಖಾ ರಸ್ತೆ ನೋಡಿ ಹೆದರಿ ಸ್ಟೇರಿಂಗನ್ನು ಅತ್ತಿತ್ತ ತಿರುವುತ್ತಿದ್ದಳಂತೆ. ಅದನ್ನು ನೋಡಿ ಕಾಶವ್ವ ದೇವಿಗೆ ಹೇಳಿಕೊಂಡು, ಗಾಡಿ ನೆಟ್ಟಗೆ ಬಂದು ನಿಂತಾಗ, ಸ್ಟೇರಿಂಗಿನ ನೆತ್ತಿಗೆ ದಾರ ಕಟ್ಟಿದ್ದಳು. ಆ ಗಂಟು ಮೇಲಿದ್ದಾಗ ಗಾಡಿ ನೆಟ್ಟಗೆ ಹೋಗುತ್ತದೆಂದು ಮಹಾದೇವನಿಗೆ ಗೊತ್ತಾಯಿತು. ಅಲ್ಲಿಂದ ಅವರು ಒಂದು ಪದ್ಧತಿ ಮಾಡಿಕೊಂಡರು.

"ನಾ ರಸ್ತಾ ನೋಡತೀನ್ರಿ, ಆಕಿ ಗಂಟು ನೋಡತಾಳ" ಎಂದ. "ನಾ ಎಡಕ್ಕ ಅಂದ್ರ ಗಂಟು ಎಡಕ್ಕ ತರತಾಳ, ಬಲಕ್ಕ ಅಂದ್ರ ಬಲಕ್ಕ. ನಿಲ್ಲು ಅಂದ್ರ ನಿಲ್ಲತಾಳ. ಈಗ ಮಟಾ ಒಂದ ಕೋಳಿಗೂ ತಾಗಸಿಲ್ರಿ."

ನಾನು ಕಂಟಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟೆ. ಐದು ತಿಂಗಳು. ಕಬ್ಬಿನ ಗಾಡಿ, ಶಾಲೆಯ ಮಕ್ಕಳು, ದನ, ಎಮ್ಮೆ, ಎಲ್ಲ ಇರುವ ರಸ್ತೆ. ಒಬ್ಬನ ಕಣ್ಣು, ಇನ್ನೊಬ್ಬಳ ಕೈ. ಸೊಟ್ಟ ಗಾಲಿಯ ಮೇಲೆ ಕಟ್ಟಿದ ಆ ಗಂಟನ್ನು ನಂಬಿ ಇಬ್ಬರೂ ಹಾಲು ಹೊತ್ತು ತಿರುಗಿದ್ದರು. ನಾನು ಗಾಲಿ ನೆಟ್ಟಗೆ ಮಾಡಿದಾಗ ಗಂಟು ಸೊಟ್ಟಗಾಗಿತ್ತು. ಅವಳು ಅದನ್ನು ಮೇಲಕ್ಕೆ ತಂದು ಹಿಡಿದಳು, ಗಾಡಿ ಬಲಕ್ಕೆ ಹೋಯಿತು.

"ಹಂಗಾರ ಪರೀಕ್ಷೇದಾಗ?" ಎಂದು ಕೇಳಿದೆ. ಅಲ್ಲಿ ಪಕ್ಕದಲ್ಲಿ ಕೂರುವವರು ಸಾಹೇಬರು, ಗಂಡನಲ್ಲ.

"ಅದಕ್ಕ ನಪಾಸಾದ್ನಿರಿ" ಎಂದಳು ಸುರೇಖಾ. "ಮುಂದ ನೋಡು, ಮುಂದ ನೋಡು ಅಂತ ಒದರಿದ್ರು. ಮುಂದ ನೋಡಿದ ಕೂಡ್ಲೇ ಕಂಬಾ ಕೆಡವಿದ್ನಿ."

ಗಾಡಿಯನ್ನು ನಾನೇ ಅಂಗಡಿಗೆ ತಂದೆ. ಸುರೇಖಾ ಕಣ್ಣೀರು ಹಾಕಲಿಲ್ಲ, ಗಟ್ಟಿ ಹೆಣ್ಣು. ನೇರ ನನ್ನ ಮುಂದೆ ಬಂದು ನಿಂತು, "ಕಾಕಾ, ನನ್ನ ಗಾಡಿ ನನಗ ಮೊದಲಿನಂಗ ಮಾಡಿ ಕೊಡ್ರಿ" ಎಂದಳು. "ಹಳೇ ತೋಳು ಅಲ್ಲೇ ಬಿದ್ದೈತಿ, ಅದನ್ನ ಹಾಕ್ರಿ. ಹೆಂಗರ ಮಾಡಿ ಇವತ್ತೊಂದ ದಿನ ದಾಟಬೇಕ್ರಿ."

ಸೊಟ್ಟ ಮಾಡಿ ಕೊಡಿ ಎಂದು ಕೇಳಿದ ಗಿರಾಕಿಯನ್ನು ನಾನು ಅದಕ್ಕೂ ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. ಸಾಧ್ಯವಿಲ್ಲ, ನನ್ನ ಕೈಯಿಂದ ಆ ಕೆಲಸ ಆಗುವುದಿಲ್ಲ ಎಂದು ಕೂಗಾಡಿದೆ. ಅಣ್ಣಾಸಾಹೇಬರು ಎದ್ದು ಬಂದರು.

"ಗಿರಾಕಿ ಕೇಳಿದಂಗ ಮಾಡಬೇಕಲೇ" ಎಂದವರು ಸ್ಟೇರಿಂಗ್ ನೋಡಿ ಯೋಚಿಸಿ, "ಗಾಲಿ ಹಂಗ ಇರಲಿ. ಸ್ಟೇರಿಂಗ ತಗದು ಒಂದೆರಡ ಹಲ್ಲು ಸರಿಸಿ ಕೂಡ್ರಸು. ಗಂಟು ಮ್ಯಾಲ ಬರತೈತಿ, ಗಾಡಿನೂ ನೆಟ್ಟಗ ಹೋಗತೈತಿ. ಮುಗೀತಲ್ಲ" ಎಂದರು.

ಉಪಾಯ ಸರಿಯಾಗಿತ್ತು. ಸ್ಟೇರಿಂಗು ತನ್ನ ಕಂಬದ ಮೇಲೆ ಸಣ್ಣ ಹಲ್ಲುಗಳಲ್ಲಿ ಕೂತಿರುತ್ತದೆ, ಬಿಚ್ಚಿ ತಿರುಗಿಸಿ ಕೂಡಿಸಬಹುದು. ನೋಡುವುದಕ್ಕೆ ಸ್ಟೇರಿಂಗ್ ಸೊಟ್ಟ ಕಾಣುತ್ತದೆ, ಅಷ್ಟೇ. ದೇವರ ದಾರ ಬಿಚ್ಚುವುದು ಬೇಡ, ಸುರೇಖಾ ಹೆದರುವುದು ಬೇಡ. ನಾನೂ ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡೆ. ಗಂಡ ಪಕ್ಕದಲ್ಲಿಲ್ಲದೆ ಪರೀಕ್ಷೆಯಲ್ಲಿ ಅವಳು ಆ ಗಂಟು ನೋಡಿ ಏನು ಮಾಡುತ್ತಾಳೆ ಎಂಬುದು ಆಗಷ್ಟೇ ಕೇಳಿದ್ದ ನನಗೂ ಮರೆತೇ ಹೋಗಿತ್ತು. ಹೆದರಿದ ಮನುಷ್ಯರ ಬುದ್ಧಿ ಹಾಗೆ.

ಅಷ್ಟರಲ್ಲಿ ಕಾಶವ್ವ ಟೈರಿನ ಮೇಲಿನಿಂದ ಎದ್ದು ಬಂದಳು. "ಏನ ನಡೀತು? ಯಾಕ ಎಲ್ಲಾರೂ ಒದರಾಕತ್ತೀರಿ?" ಎಂದು ಮಗನನ್ನು ಕೇಳಿದಳು. ಅವನು ಎಲ್ಲ ಹೇಳಿದ. ಸೊಸೆ ರಸ್ತೆ ಬಿಟ್ಟು ಗಂಟು ನೋಡುತ್ತಾಳೆಂಬುದು ಅವಳಿಗೆ ಅಲ್ಲಿಯತನಕ ತಿಳಿದೇ ಇರಲಿಲ್ಲ. ಬಾಗಿಲ ಕಡೆ ಕೂತು ದೇವಿಯನ್ನು ನೆನೆಯುತ್ತ ಬರುತ್ತಿದ್ದವಳು. ಮುದುಕಿಯ ಬಾಯಿ ತೆರೆದದ್ದು ಹಾಗೇ ಉಳಿಯಿತು, ಎಲೆ ನಾಲಗೆಯ ಮೇಲೇ ನಿಂತಿತು.

"ಸುರೇಖಾ" ಎಂದಳು. "ಅದನ್ನ ಯಾಕ ನೋಡಾಕತ್ತಿದ್ದಿ?"

"ನೀವ ಕಟ್ಟಿದ್ರಲ್ರಿ ಅತ್ತಿ."

"ದೇವಿ ನಿನ್ನ ನೋಡ್ಲಿ ಅಂತ ಕಟ್ಟಿದ್ನೆವಾ. ನೀ ಅದನ್ನ ನೋಡು ಅಂತ ಕಟ್ಟಿಲ್ಲ."

ಸೊಂಟದ ಚೀಲದಿಂದ ಅಡಕತ್ತರಿ ತೆಗೆದಳು. ಗಾಡಿ ಹತ್ತಲು ಹೋದಾಗ ಸುರೇಖಾ ಕೈ ಅಡ್ಡ ಹಿಡಿದು, "ಬ್ಯಾಡ್ರಿ ಅತ್ತಿ, ಇವತ್ತ ಬ್ಯಾಡ್ರಿ" ಎಂದಳು. ಕಾಶವ್ವ ಆ ಕೈಯನ್ನು ಮೆಲ್ಲಗೆ ಸರಿಸಿ, ಗಂಟಿನ ಕೆಳಗೆ ಅಡಕತ್ತರಿ ತೂರಿಸಿ ಒಂದೇ ಸಲಕ್ಕೆ ಕತ್ತರಿಸಿದಳು. ದಾರವನ್ನು ಕಣ್ಣಿಗೆ ಒತ್ತಿಕೊಂಡು ಸೊಸೆಯ ಬಲಗೈಗೆ, ರಟ್ಟೆಯ ಹತ್ತಿರ, ಕುಪ್ಪಸದ ತೋಳಿನ ಒಳಗೆ ಕಾಣದಂತೆ ಕಟ್ಟಿದಳು. ನಾನು ಪಾನಾ ಕೆಳಗಿಟ್ಟೆ.

ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಸಂತೆ ಇಲ್ಲದ ದಿನ, ಬಜಾರದ ಹಿಂದಿನ ಬಯಲು ಖಾಲಿ. ಅಲ್ಲಿಗೆ ಒಯ್ದೆವು. ಮಹಾದೇವನನ್ನು ಕೆಳಗಿಳಿಸಿ ಬೇವಿನ ಗಿಡದ ನೆರಳಿಗೆ ಕೂರಿಸಿದೆ, ಅವನು ಬಾಯಿ ತೆರೆಯಕೂಡದು ಎಂದೆ. ನಾನು ಅವಳ ಪಕ್ಕದಲ್ಲಿ ಕೂತೆ. ಖರೆ ಹೇಳುತ್ತೇನೆ, ಕೂತವನು ಕಾಲಿನಿಂದ ಇಲ್ಲದ ಬ್ರೇಕು ಒತ್ತುತ್ತಿದ್ದೆ.

ಅವಳ ಕಣ್ಣು ಮತ್ತೆ ಮತ್ತೆ ಸ್ಟೇರಿಂಗಿಗೆ ಬೀಳುತ್ತಿತ್ತು, ಅಲ್ಲಿ ಏನೂ ಇರಲಿಲ್ಲ. ಬಲಗೈ ತಾನಾಗಿ ಜಗ್ಗುತ್ತಿತ್ತು, ಗಾಡಿ ಬಲಕ್ಕೆ ಹೋಗುತ್ತಿತ್ತು. "ಕೈ ಸಡ್ಲ ಬಿಡವಾ. ಅದು ಈಗ ಜಗ್ಗೂದಿಲ್ಲ" ಎಂದೆ. ಬಿಡಲೊಲ್ಲಳು. ಐದು ತಿಂಗಳು ಜಗಳಾಡಿದ ಕೈ ಜಗಳ ಮುಗಿಯಿತೆಂದರೆ ನಂಬೀತೇ? ಕೊನೆಗೆ ಸಿಟ್ಟು ಬಂದು, "ನಿನ್ನ ಗಂಡ ಎಲ್ಲಿ ಕುಂತಾನ ನೋಡು. ಅವನ ಕಡೆ ಹೊಡಿ" ಎಂದೆ. ಅವಳು ತಲೆ ಎತ್ತಿದಳು. ಬೇವಿನ ಗಿಡದ ಕೆಳಗೆ ಕೋಲು ಹಿಡಿದು ಕೂತವನನ್ನು ದಿಟ್ಟಿಸಿದಳು. ಗಾಡಿ ಬಾಣದಂತೆ ಅವನತ್ತ ಹೋಯಿತು. ಮಹಾದೇವ ಎದ್ದು ಓಡಲಾರದೆ ಅಲ್ಲೇ ಕಣ್ಣು ಮುಚ್ಚಿಕೊಂಡ. ಅವಳು ಅವನಿಂದ ಮಾರು ದೂರದಲ್ಲಿ ನಿಲ್ಲಿಸಿದಳು. ನಾನು ಹೇಳದೆಯೇ ನಿಲ್ಲಿಸಿದಳು.

ಮತ್ತೆ ಹೊಡೆಸಿದೆ. ಗಿಡದ ಕಡೆ, ಗೋಡೆಯ ಕಡೆ, ಮೇಯುವ ಎಮ್ಮೆಯ ಪಕ್ಕದಿಂದ. ಹಿಂದಕ್ಕೆ, ಮುಂದಕ್ಕೆ, ಎಂಟರಂತೆ ಸುತ್ತಿಸಿ. ಹೊತ್ತಾಯಿತೆಂದು ಕಾಶವ್ವ ಕೂಗಿದಾಗ ಮೂವರೂ ಹೊರಟರು. ರೊಟ್ಟಿಯ ಗಂಟು ಬಿಚ್ಚಿರಲೇ ಇಲ್ಲ.

ಆ ಮಧ್ಯಾಹ್ನ ನಾನು ಮಾಡಿದ ಕೆಲಸವನ್ನೆಲ್ಲ ಮರುದಿನ ಮತ್ತೊಮ್ಮೆ ಮಾಡಬೇಕಾಯಿತು. ರಸ್ತೆಯಲ್ಲಿ ಯಾವ ಹಾರ್ನ್ ಬಡಿದರೂ ಕೈಯಿಂದ ಪಾನಾ ಜಾರುತ್ತಿತ್ತು. ಇಂಥವಳನ್ನು ರಸ್ತೆಗೆ ಬಿಟ್ಟೆನಲ್ಲ, ಪರೀಕ್ಷೆ ಹಾಳಾಗಲಿ, ಹೋಗುವ ದಾರಿಯಲ್ಲೇ ಏನಾದರೂ ಆದರೆ ಎಂದು ರಸ್ತೆಯ ಕಡೆಗೇ ನೋಡುತ್ತಿದ್ದೆ. ಅಣ್ಣಾಸಾಹೇಬರು ಎರಡು ಸಲ ಚಹಾ ತರಿಸಿಕೊಟ್ಟರು.

ಬಿಸಿಲು ಇಳಿದ ಮೇಲೆ ಪಿಕಪ್ ಬಂತು. ತನ್ನ ಬದಿ ಬಿಡದೆ, ನಿಧಾನಕ್ಕೆ ಬಂದು ಅಂಗಡಿಯ ಮುಂದೆ ನಿಂತಿತು. ನಾನು ಓಡಿ ಹೋಗಿ ಬಾಗಿಲು ತೆರೆದೆ. ಕಾಶವ್ವ ಬೆರಳು ತುಟಿಗಿಟ್ಟು ಸುಮ್ಮನಿರು ಎಂದು ಸನ್ನೆ ಮಾಡಿದಳು. ಮಹಾದೇವ ತಾಯಿಯ ಹೆಗಲಿಗೆ ತಲೆ ಕೊಟ್ಟು ನಿದ್ದೆ ಹೋಗಿದ್ದ.

"ಎಬ್ಬಸಬ್ಯಾಡೋ ತಮ್ಮಾ" ಎಂದಳು ಪಿಸುಮಾತಿನಲ್ಲಿ. "ಐದ ತಿಂಗಳಾತು, ಗಾಡ್ಯಾಗ ಕುಂತ್ರ ಕಣ್ಣ ಪಿಳಕಿಸಿಲ್ಲ ನನ್ನ ಮಗ. ಪಾಸಾದ್ಲು."

ನನಗೆ ಕಣ್ಣು ತುಂಬಿ ಬಂತು. ಇದರಲ್ಲಿ ನಾಚಿಕೆ ಏನು? ಸುರೇಖಾಳ ಕಡೆಗೆ ಹೋದೆ, ಶಾಭಾಸ್ ಎನ್ನಬೇಕೆಂದು. ಅವಳು ಇಳಿದಿರಲಿಲ್ಲ. ಎರಡೂ ಕೈ ಸ್ಟೇರಿಂಗಿನ ಮೇಲೆ ಸಡಿಲವಾಗಿ ಇದ್ದವು. ಬೆಳಿಗ್ಗೆ ಟ್ರ್ಯಾಕ್ಟರಿನಿಂದ ಪಾರಾದಾಗ ಇದ್ದುದಕ್ಕಿಂತ ಮುಖ ಬಿಳಿಚಿತ್ತು. ಗಾಜಿನಾಚೆ ಶಾಲೆ ಬಿಟ್ಟ ಮಕ್ಕಳು ಗುಂಪಾಗಿ ರಸ್ತೆ ದಾಟುತ್ತಿದ್ದರು, ತಲೆಯ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸರು ಅಂಚಿನಲ್ಲೇ ನಡೆದು ಹೋಗುತ್ತಿದ್ದರು. ಅವರನ್ನೇ ನೋಡುತ್ತಿದ್ದಳು.

"ಕಾಕಾ" ಎಂದಳು, ನನ್ನ ಕಡೆ ತಿರುಗದೆ. "ರಸ್ತೇದಾಗ ಇಷ್ಟ ಮಂದಿ ಇರತಾರೇನ್ರಿ?"